ಫ್ಲೋರೈಡ್ ದಾಟುವ ಪೊರೆ: ಹಗರಿಬೊಮ್ಮನಹಳ್ಳಿ ಸೀಮೆಯ ನೀರಿನಿಂದ ಓದಿದ ಒಂದು ಚರಿತ್ರೆ

ಜೀವಕೋಶದ ಪೊರೆಯ ಚರಿತ್ರೆಯನ್ನು ನಮ್ಮ ಪಠ್ಯಪುಸ್ತಕಗಳು ಚಿತ್ರಗಳ ಮೂಲಕ ಹೇಳುತ್ತವೆ. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಊಹಿಸಿದ ಲಿಪಿಡ್ಡಿನ ಎರಡು ಪದರ, 1935ರ ಡ್ಯಾವ್ಸನ್–ಡ್ಯಾನಿಯೆಲಿ ಮಾದರಿ, 1972ರಲ್ಲಿ ಸಿಂಗರ್ ಮತ್ತು ನಿಕೊಲ್ಸನ್ ಮುಂದಿಟ್ಟ, ಪ್ರೋಟೀನುಗಳು ತೇಲಾಡುವ ದ್ರವ ಪದರ ಹೀಗೆ ಒಂದಾದ ಮೇಲೊಂದು. ಪೊರೆ ಹೇಗಿದೆ ಎಂಬ ಪ್ರಶ್ನೆಗಿಂತ ಹಳೆಯದು, ಅದು ಯಾವುದನ್ನು ಒಳಗೆ ಬಿಡುತ್ತದೆ ಎಂಬ ಪ್ರಶ್ನೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಬೋರ್ ನೀರಿನ ಕಥೆ ಅರ್ಥವಾಗಬೇಕಾದರೆ ಈ ಎರಡನೆಯ ಪ್ರಶ್ನೆಯ ಬೆನ್ನು ಹತ್ತಬೇಕು.

ಈ ಸೀಮೆಯ ನೆಲದಡಿ ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆ. ಕಲ್ಲಿನ ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಡ್ ಕರಗಿ ಸೇರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಬೈಕಾರ್ಬೊನೇಟ್ ಹೆಚ್ಚಿದ್ದರಂತೂ ಇನ್ನೂ ಸಲೀಸು. ಕೆರೆ, ಸೇದುವ ಬಾವಿ ಬಿಟ್ಟು ಕೊಳವೆಬಾವಿಗೆ ಜನ ತಿರುಗಿದ ಮೇಲೆ ಹಳ್ಳಿಗಳು ಕುಡಿದದ್ದು ಆಳದ ಈ ಹಳೆಯ ನೀರನ್ನೇ. ಲೀಟರಿಗೆ 1 ಮಿಲಿಗ್ರಾಂವರೆಗೆ ಅಡ್ಡಿಯಿಲ್ಲ, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುವುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಅಂಶ ಇನ್ನೂ ಹೆಚ್ಚಿದ್ದರೆ ದೊಡ್ಡವರ ಕೀಲು, ಬೆನ್ನು ಬಿಗಿಯುತ್ತವೆ. ಭಾರತದಲ್ಲಿ ಈ ರೋಗವನ್ನು ಶಾರ್ಟ್ ಮತ್ತು ಸಂಗಡಿಗರು ಮೊದಲು ದಾಖಲಿಸಿದ್ದು 1937ರಲ್ಲಿ, ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೂ ಆಗ ಬಳ್ಳಾರಿ ಜಿಲ್ಲೆಯ ಭಾಗವಾಗಿ ಅದೇ ಪ್ರಾಂತದಲ್ಲಿದ್ದವು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ.

ನೀರಿನಲ್ಲಿ ಫ್ಲೋರೈಡ್ ಇರುವುದು ಋಣ ವಿದ್ಯುದಂಶ ಹೊತ್ತ ಅಯಾನಾಗಿ. ಎಣ್ಣೆಯ ಗುಣದ ಪೊರೆಗೆ ಇಂಥ ಅಯಾನು ಒಗ್ಗುವುದಿಲ್ಲ. ಹಾಗಿದ್ದರೆ ಅದು ಮೈಯೊಳಗೆ ಹೋದದ್ದು ಹೇಗೆ?

ಉತ್ತರದ ಬೇರು 1890ರ ದಶಕದ ಜ್ಯೂರಿಕ್‌ನಲ್ಲಿದೆ. ಅರ್ನೆಸ್ಟ್ ಓವರ್ಟನ್ ಸಸ್ಯಕೋಶ, ಗೊದಮೊಟ್ಟೆಗಳನ್ನು ನೂರಾರು ದ್ರಾವಣಗಳಲ್ಲಿ ಇಟ್ಟು ಯಾವುದು ಬೇಗ ಒಳಹೋಗುತ್ತದೆಂದು ನೋಡಿದ. ಎಣ್ಣೆಯಲ್ಲಿ ಕರಗುವ ವಸ್ತುಗಳು ಸುಲಭವಾಗಿ ನುಗ್ಗಿದವು. ಕೋಶದ ಅಂಚಿನಲ್ಲಿ ಕೊಬ್ಬಿನಂಥ ಪದಾರ್ಥವಿರಬೇಕೆಂದು ಅವನು ತರ್ಕಿಸಿದ. ಪೊರೆಯನ್ನು ಕಣ್ಣಾರೆ ಯಾರೂ ಕಾಣದ ಕಾಲವದು. ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಲಿಪಿಡ್ ತೆಗೆದು ನೀರಿನ ಮೇಲೆ ಹರಡಿ, ಕಣದ ಮೇಲ್ಮೈಗಿಂತ ಎರಡು ಪಟ್ಟು ಅಗಲ ಬಂತೆಂದು ತೋರಿಸಿದ್ದು ಆಮೇಲೆ. ಅವರು ಲಿಪಿಡ್ಡನ್ನು ಪೂರ್ತಿ ತೆಗೆದಿರಲಿಲ್ಲ, ಮೇಲ್ಮೈಯನ್ನೂ ಕಡಿಮೆ ಲೆಕ್ಕ ಹಾಕಿದ್ದರು. ಒಂದು ತಪ್ಪು ಇನ್ನೊಂದನ್ನು ಹೊಡೆದುಹಾಕಿ ತೀರ್ಮಾನ ಸರಿಯಾಯಿತು! ಓವರ್ಟನ್ನನಿಗೆ ಅಂಥ ಅದೃಷ್ಟ ಬೇಕಾಗಿರಲಿಲ್ಲ. ಚಿತ್ರಗಳ ಚರಿತ್ರೆಯಲ್ಲಿ ಅವನಿಗೆ ಒಂದೇ ಸಾಲು ಸಿಗುವುದು ಅನ್ಯಾಯವೆಂದೇ ನನ್ನ ಎಣಿಕೆ.

ಫ್ಲೋರೈಡ್ ಅಯಾನು ಆಮ್ಲದಲ್ಲಿ ಹೈಡ್ರೋಜನ್ ಅಯಾನಿನೊಡನೆ ಕೂಡಿ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಈ ಪುಟ್ಟ ಅಣುವಿಗೆ ವಿದ್ಯುದಂಶವಿಲ್ಲ. ಖಾಲಿ ಹೊಟ್ಟೆಯ ಜಠರದಲ್ಲಿ ಫ್ಲೋರೈಡಿನ ಬಹುಪಾಲು ಇರುವುದೇ ಈ ರೂಪದಲ್ಲಿ. ರಕ್ತದಲ್ಲಾದರೆ ಹೆಚ್ಚೆಂದರೆ ಹತ್ತು ಸಾವಿರದಲ್ಲಿ ಒಂದಂಶ. 1981ರಲ್ಲಿ ಗುಟ್ಕ್ನೆಕ್ಟ್ ಮತ್ತು ವಾಲ್ಟರ್ ಪ್ರಯೋಗಾಲಯದಲ್ಲಿ ಕಟ್ಟಿದ ಲಿಪಿಡ್ ಪೊರೆಯ ಮೇಲೆ ಎರಡನ್ನೂ ಅಳೆದರು. ಅಯಾನಿಗಿಂತ ಹೈಡ್ರೋಜನ್ ಫ್ಲೋರೈಡ್ ಲಕ್ಷದಿಂದ ಕೋಟಿ ಪಟ್ಟು ಸರಾಗವಾಗಿ ದಾಟುತ್ತಿತ್ತು. ಬಾಗಿಲಿನ ಪ್ರೋಟೀನು ಯಾವುದೂ ಇಲ್ಲದ, ಬರೀ ಕೊಬ್ಬಿನ ಪೊರೆಯಲ್ಲೇ ಹೀಗೆ.

ಇಷ್ಟಕ್ಕೇ ನಿಂತರೆ ವಿವರಣೆ ಅರ್ಧ. ಫ್ಲೋರೈಡಿನ ಹೆಚ್ಚಿನ ಪಾಲು ರಕ್ತಕ್ಕೆ ಸೇರುವುದು ಜಠರದಲ್ಲಲ್ಲ, ಸಣ್ಣ ಕರುಳಿನಲ್ಲಿ. ಅಲ್ಲಿ ಆಮ್ಲದ ಹಿಡಿತ ಅಷ್ಟಿಲ್ಲ. ಜಠರದ ಆಮ್ಲ ನಿರ್ಧರಿಸುವುದು ಮುಖ್ಯವಾಗಿ ವೇಗವನ್ನು. ಹಾಲಿನಂಥ ಕ್ಯಾಲ್ಸಿಯಂ ಇರುವ ಆಹಾರ ಹೊಟ್ಟೆಯಲ್ಲಿದ್ದರೆ ಹೀರುವಿಕೆ ತಗ್ಗುತ್ತದೆ. ಮೂತ್ರಪಿಂಡದಲ್ಲಿ ಮಾತ್ರ ಓವರ್ಟನ್ನನ ನಿಯಮ ನಿಚ್ಚಳವಾಗಿ ಕಾಣುತ್ತದೆ. ವಿಟ್‌ಫರ್ಡ್ ಮತ್ತು ಪ್ಯಾಶ್ಲಿ 1970ರ ದಶಕದಲ್ಲಿ ತೋರಿಸಿದಂತೆ, ಮೂತ್ರ ಆಮ್ಲೀಯವಾಗಿದ್ದರೆ ಫ್ಲೋರೈಡ್ ಪೊರೆ ದಾಟಿ ಮತ್ತೆ ರಕ್ತಕ್ಕೆ ಮರಳುತ್ತದೆ, ಕ್ಷಾರೀಯವಾಗಿದ್ದರೆ ಹೊರಬೀಳುತ್ತದೆ.

ಬ್ಯಾಕ್ಟೀರಿಯಾಗಳಿಗೂ ಇದೇ ಪೀಡೆ. ಹೊರಗಿನ ಆಮ್ಲದಲ್ಲಿ ಹೈಡ್ರೋಜನ್ ಫ್ಲೋರೈಡ್ ಆಗಿ ನುಗ್ಗಿದ್ದು ಒಳಗೆ ಮತ್ತೆ ಅಯಾನಾಗಿ ಸಿಕ್ಕಿಬೀಳುತ್ತದೆ. 2012–13ರಲ್ಲಿ ಬ್ರೇಕರ್, ಮಿಲ್ಲರ್, ಸ್ಟಾಕ್‌ಬ್ರಿಜ್ ಮೊದಲಾದವರ ಕೆಲಸದಿಂದ, ಫ್ಲೋರೈಡನ್ನಷ್ಟೇ ಹೊರಗೆ ಬಿಡುವ ಪ್ರೋಟೀನು ನಾಳಗಳು ಅವುಗಳ ಪೊರೆಯಲ್ಲಿವೆಯೆಂದು ತಿಳಿಯಿತು. ಯೀಸ್ಟಿನಲ್ಲೂ ಆ ಬಗೆಯದು ಸಿಕ್ಕಿತು. ಮನುಷ್ಯನ ಕೋಶಗಳಲ್ಲಿ ಇಲ್ಲ. ನಮಗೆ ಇರುವುದು ಮೂತ್ರಪಿಂಡ. ಅದು ಕಳಿಸಲಾಗದೆ ಉಳಿದದ್ದರ ಬಹುಪಾಲೆಲ್ಲ ಮೂಳೆಗೆ ಹೋಗುತ್ತದೆ.

ಈಗ ಹಳ್ಳಿಗಳಲ್ಲಿ ಜನ ಕ್ಯಾನು ಹಿಡಿದು ಹೋಗುವ ಶುದ್ಧ ಕುಡಿಯುವ ನೀರಿನ ಘಟಕದೊಳಗೂ ಪೊರೆಯೇ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋದ ಸೌರಿರಾಜನ್ 1960ರ ಸುಮಾರಿಗೆ ತಯಾರಿಸಿದ ಸೆಲ್ಯುಲೋಸ್ ಅಸಿಟೇಟ್ ಹಾಳೆ ಇಂದಿನ ಆರ್‌ಒ ಪೊರೆಗಳ ಹಿರಿಯ. ಕೊಳವೆಬಾವಿಯ ನೀರು ಸಾಮಾನ್ಯವಾಗಿ ಆಮ್ಲೀಯವಲ್ಲ, ಅದರ ಫ್ಲೋರೈಡ್ ಬಹುತೇಕ ಅಯಾನಾಗಿಯೇ ಇರುತ್ತದೆ; ಆದ್ದರಿಂದ ಈ ಪೊರೆ ಅದನ್ನು ಚೆನ್ನಾಗಿ ತಡೆಯುತ್ತದೆ. ನೀರನ್ನು ಆಮ್ಲೀಯ ಮಾಡಿದರೆ ಇಲ್ಲಿಯೂ ಫ್ಲೋರೈಡ್ ನುಸುಳುತ್ತದೆ. ತಡೆದದ್ದು ಮಾಯವಾಗುವುದಿಲ್ಲ: ಘಟಕ ಹೊರಚೆಲ್ಲುವ ನೀರಿನಲ್ಲಿ ಅದು ಬೋರ್ ನೀರಿನಲ್ಲಿದ್ದುದಕ್ಕಿಂತ ಹೆಚ್ಚು ಸಾಂದ್ರವಾಗಿರುತ್ತದೆ.