ಎರವಿನ ಧಾಟಿ, ತಿದ್ದುವ ಕಿವಿ

ನಮ್ಮ ಹಳೆಯ ಕಂಪನಿ ನಾಟಕಗಳ ಅಚ್ಚಾದ ಪುಸ್ತಕಗಳನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಕೂಡಲೆ ಕಣ್ಣಿಗೆ ಬೀಳುತ್ತದೆ. ಪದದ ಮೇಲೆ ರಾಗ ತಾಳಗಳ ಹೆಸರಿನೊಡನೆ ಅನೇಕ ಕಡೆ 'ಧಾಟಿ' ಎಂದು ಬರೆದು, ಬೇರೊಂದು ಹಾಡಿನ ಮೊದಲ ಮಾತನ್ನು ಕೊಟ್ಟಿರುತ್ತದೆ. ನಮ್ಮ ಕಡೆಯ ನಾಟಕಗಳಲ್ಲಿ ಆ ಬೇರೊಂದು ಹಾಡು ಹಲವು ಸಲ ಮರಾಠಿಯದು. ಕವಿಯು ತನ್ನ ಸಾಲವನ್ನು ತಾನೇ ಅಚ್ಚು ಹಾಕಿಸಿ ಸಾರುತ್ತಿದ್ದ. ಇದನ್ನು ಕಂಡು ಮೂಗು ಮುರಿಯುವವರುಂಟು. ನನಗೆ ಮಾತ್ರ ಇದರಲ್ಲಿ ನಾಚಿಕೊಳ್ಳತಕ್ಕದ್ದೇನೂ ಕಾಣದು. ಎರವು ತಂದ ಧಾಟಿ ನಮ್ಮದಾದುದು ಹೇಗೆ, ಅದರ ಸೊಟ್ಟನ್ನು ತೋರಿಸಿ ನೆಟ್ಟಗೆ ಮಾಡಿದವರು ಯಾರು ಎಂಬುದೇ ವಿಚಾರಿಸತಕ್ಕ ಮಾತು.

ಮೊದಲು ಸಾಲದ ಲೆಕ್ಕವನ್ನು ನೋಡೋಣ. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವೊಂದು ಸಾಂಗಲಿಯ ಸಂಸ್ಥಾನದಲ್ಲಿ ಆಟವಾಡಿತು. ಅದನ್ನು ಕಂಡು ಮೆಚ್ಚಿದ ಅರಸರು ಮರಾಠಿಯಲ್ಲಿಯೂ ಇಂಥದನ್ನು ಮಾಡೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾಸ್ವಯಂವರ' ರಂಗಕ್ಕೆ ಬಂದಿತು. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ಆಡಿದ ಅವರ 'ಶಾಕುಂತಲ'ದ ಪದಗಳಲ್ಲಿ ಕನ್ನಡ ನೆಲದ ಧಾಟಿಗಳೂ ಸೇರಿದ್ದವು. ಮರಾಠಿ ಕಂಪನಿಗಳು ಹುಬ್ಬಳ್ಳಿ ಧಾರವಾಡಗಳಿಗೆ ಬಂದು ನಮ್ಮ ಜನರನ್ನು ಮರುಳುಗೊಳಿಸಿದವು. ಕನ್ನಡಿಗರು ಕನ್ನಡದಲ್ಲಿಯೇ ನಾಟಕ ನೋಡಬೇಕೆಂಬ ಹಟದಿಂದ ಶಾಂತಕವಿಗಳು ಗದಗಿನಲ್ಲಿ ಮಂಡಳಿ ಕಟ್ಟಿದರು. ಹೀಗೆ ಮನೆಯಿಂದ ಹೋದದ್ದು ಬೇರೆ ಉಡುಗೆ ತೊಟ್ಟು ಮನೆಗೇ ಮರಳಿತು. ಇಂಥಲ್ಲಿ ಯಾರು ಸಾಲಗಾರ, ಯಾರು ಸಾಹುಕಾರ?

ಆದರೆ ಧಾಟಿಯನ್ನು ತರುವುದು ಸುಲಭ, ಅದರಲ್ಲಿ ಕನ್ನಡವನ್ನು ಕೂಡಿಸುವುದು ಕಷ್ಟ. ನಮ್ಮ ಮಾತುಗಳು ಬಹಳವಾಗಿ ಉಕಾರ, ಎಕಾರ, ಇಕಾರಗಳಲ್ಲಿ ಮುಗಿಯುತ್ತವೆ. ಗಾಯಕನಿಗೆ ತಾನು ಬಿಡುವ ಎಡೆಯಲ್ಲಿ ಆಕಾರ ಬೇಕು. ಮೂಲದ ಹಾಡಿನಲ್ಲಿ ಸ್ವರ ಎಳೆಯುವ ಜಾಗದಲ್ಲಿ ನಮ್ಮ ಹ್ರಸ್ವಾಕ್ಷರ ಬಿದ್ದರೆ 'ಮಡಿ' ಎಂಬುದು 'ಮಾಡಿ' ಆಗುತ್ತದೆ, 'ಕಡು' ಎಂಬುದು 'ಕಾಡು' ಆಗುತ್ತದೆ. ಕಟ್ಟಿದವನಿಗೆ ಇದು ತಿಳಿಯುವುದಿಲ್ಲ; ಮೂಲದ ಧಾಟಿ ಅವನ ತಲೆಯಲ್ಲಿ ಮೊಳಗುತ್ತಿರುವಾಗ ತನ್ನ ಮಾತಿನ ಮುರುಕು ಅವನ ಕಿವಿಗೆ ಬೀಳದು. ಅದಕ್ಕೆ ಇನ್ನೊಬ್ಬರ ಕಿವಿಯೇ ಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಧಾರವಾಡದಲ್ಲಿ ಮುದವೀಡು ಕೃಷ್ಣರಾಯರು ಮೊದಲಾದವರು ಕಟ್ಟಿದ ಭಾರತ ಕಲೋತ್ತೇಜಕ ಸಂಗೀತ ಸಮಾಜದಂಥ ಹವ್ಯಾಸಿ ಕೂಟಗಳ ಬೆಲೆ ಇಲ್ಲಿದೆ. ಹೊಟ್ಟೆಗಾಗಿ ಆಡುವವನಿಗೆ ಟಿಕೀಟಿನ ಗಲ್ಲೆಯೇ ಉತ್ತರ ಹೇಳುತ್ತದೆ. ಹವ್ಯಾಸಿಗೆ ಬಲ್ಲವರ ಮಾತಿನ ಹೊರತು ಬೇರೆ ಅಳತೆಯಿಲ್ಲ.

ಆ ಕಾಲದ ಪ್ರೇಕ್ಷಕರು ತಮ್ಮ ಅಭಿಪ್ರಾಯವನ್ನು ಮುಚ್ಚಿಡುತ್ತಿರಲಿಲ್ಲ. ಪದ ಹಿಡಿಸಿದರೆ 'ವನ್ಸ್ ಮೋರ್' ಎಂದು ಕೂಗುವರು. ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಬೇಕು ಎಂದು ಹಿರಿಯರು ನಗೆಯಾಡುವುದುಂಟು. ಅಮರಾವತಿಯಲ್ಲಿ ಕುಂದಗೋಳದ ರಾಮಭಾವು ಅವರ ಹಾಡನ್ನು ಕೇಳಿದ ದಾದಾಸಾಹೇಬ ಖಾಪರ್ಡೆಯವರು ಅವರನ್ನು 'ಸವಾಯಿ ಗಂಧರ್ವ' ಎಂದು ಕರೆದರು. ಸವಾಯಿ ಎಂದರೆ ಒಂದೂಕಾಲು. ಬಾಲಗಂಧರ್ವರಿಗಿಂತ ಕಾಲು ಪಾಲು ಹೆಚ್ಚು ಎಂಬ ಈ ತೀರ್ಪು ಹೆಸರಾಗಿಯೇ ನಿಂತುಬಿಟ್ಟಿತು. ಮೆಚ್ಚುಗೆಗೂ ಅದರ ಸ್ಥಾನ ಉಂಟು. ಅದಿಲ್ಲದೆ ಯಾವ ಕಲಾವಿದನೂ ಬಾಳಲಾರ. ಆದರೆ 'ವನ್ಸ್ ಮೋರ್' ಹಿಡಿಸಿತೆಂದು ಹೇಳುತ್ತದೆಯೇ ಹೊರತು ಏಕೆ ಹಿಡಿಸಿತು, ಎಲ್ಲಿ ಕೆಟ್ಟಿತು ಎಂದು ಹೇಳುವುದಿಲ್ಲ.

ಅದೇ ಸವಾಯಿ ಗಂಧರ್ವರು ರಂಗವನ್ನು ಬಿಟ್ಟು ಕುಂದಗೋಳದಲ್ಲಿ ಕುಳಿತಾಗ ಶಿಷ್ಯರಿಗೆ ಕೊಟ್ಟದ್ದು ಬೇರೆ ಬಗೆಯ ಉತ್ತರ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿಯೇ ಇದ್ದು ಕಲಿತರು. ಒಂದು ಸ್ವರಗುಚ್ಛವನ್ನು ಗುರುವಿಗೆ ಸಮಾಧಾನವಾಗುವ ತನಕ ಮತ್ತೆ ಮತ್ತೆ ಹಾಡಬೇಕು. ಜಿಪುಣನು ಹಣವನ್ನು ಬಳಸುವಂತೆ ಸ್ವರಗಳನ್ನು ಬಳಸಬೇಕೆಂದು ಗುರುಗಳು ಕಲಿಸಿದ್ದನ್ನು ಗಂಗೂಬಾಯಿಯವರು ಕೊನೆಯವರೆಗೂ ನೆನೆಯುತ್ತಿದ್ದರು. ಇಲ್ಲಿಯೂ 'ಇನ್ನೊಮ್ಮೆ' ಎಂಬ ಮಾತೇ ಇದೆ. ಆದರೆ ಥೇಟರಿನ 'ಇನ್ನೊಮ್ಮೆ' ಚೆನ್ನಾದುದಕ್ಕೆ. ಗುರುವಿನ 'ಇನ್ನೊಮ್ಮೆ' ಚೆನ್ನಾಗದುದಕ್ಕೆ.

ಮಲ್ಲಿಕಾರ್ಜುನ ಮನಸೂರರ ಬಾಳು ಇದಕ್ಕೆ ಇನ್ನೊಂದು ಸಾಕ್ಷಿ. ವಾಮನರಾವ ಮಾಸ್ತರರ ಕಂಪನಿಯಲ್ಲಿ ಬಾಲನಟರಾಗಿ ಚಪ್ಪಾಳೆ ಗಳಿಸುತ್ತಿದ್ದ ಹುಡುಗನ ಹಾಡನ್ನು ಕೇಳಿ, ಈ ಕಂಠಕ್ಕೆ ಶಿಕ್ಷಣ ಬೇಕೆಂದು ಮನಗಂಡವರು ಮಿರಜದ ನೀಲಕಂಠಬುವಾ. ಗಾಯಕರೆಂದು ಹೆಸರಾದ ಮೇಲೆಯೂ 1930ರ ದಶಕದಲ್ಲಿ ಮನಸೂರರು ಮುಂಬಯಿಯಲ್ಲಿ ಮಂಜೀಖಾನರ ಮುಂದೆ ಹೊಸಬರಂತೆ ಕುಳಿತರು. 1937ರಲ್ಲಿ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜೀಖಾನರ ಮುಂದೆ ಕುಳಿತರು. ವಚನಗಳನ್ನು ಹಿಂದೂಸ್ಥಾನಿ ರಾಗಗಳಲ್ಲಿ ಹಾಡಿ ಮಾತು ಕೆಡದಂತೆ, ರಾಗವೂ ಬಡವಾಗದಂತೆ ನಿಲ್ಲಿಸಿದವರು ಅವರು. ಹಳೆಯದನ್ನು ಹೊಸದಾಗಿ ಕಟ್ಟುವ ಆ ಧೈರ್ಯದ ಹಿಂದೆ ಅಷ್ಟು ವರ್ಷ ತಿದ್ದಿಸಿಕೊಂಡ ತಾಳ್ಮೆಯಿತ್ತು.

ಗುರುವಿಲ್ಲದವನ ಗತಿಯೇನು? ಸಾಹಿತ್ಯದ ಮೇಷ್ಟ್ರಾದ ನನಗೆ ಇಲ್ಲಿ ಗೆಳೆಯರ ಗುಂಪಿನ ನೆನಪಾಗುತ್ತದೆ. 1920ರ ದಶಕದಲ್ಲಿ ಬೇಂದ್ರೆಯವರೂ ಅವರ ಸಂಗಡಿಗರೂ ಧಾರವಾಡದ ಅತ್ತಿಕೊಳ್ಳದಲ್ಲಿ ಕೂಡಿ ಬರೆದದ್ದನ್ನು ಓದುತ್ತಿದ್ದರು, ಹಾಡುತ್ತಿದ್ದರು, ಚರ್ಚಿಸುತ್ತಿದ್ದರು. ಲಾವಣಿ, ತ್ರಿಪದಿಗಳ ಹಳ್ಳಿಯ ಮಟ್ಟುಗಳು ಹೊಸ ಕಾವ್ಯದ ಮೈಯಾದ ಕಾಲವದು. ಸಮಾನರ ನಡುವೆ ಮೆಚ್ಚುಗೆಯೂ ತಕರಾರೂ ಒಂದೇ ಬಾಯಿಂದ ಬರಬಲ್ಲವು ಎಂಬುದೇ ಗೆಳೆತನದ ದೊಡ್ಡ ಉಪಕಾರ. ಇದಕ್ಕೆ ಹೋಲಿಸಿದರೆ 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಬಂದ ಮೇಲೆ ರೂಢಿಯಾದ ಧ್ವನಿಪರೀಕ್ಷೆಯ ರೀತಿ ಬೇರೆ. ಅದು ನೂರಾರು ಮಂದಿಗೆ ಬಾಗಿಲು ತೆರೆಯಿತು ನಿಜ. ಆದರೆ ಅದರ ತೀರ್ಪು ಶ್ರೇಣಿಯ ಒಂದು ಅಕ್ಷರ. ಕಾರಣ ತಿಳಿಯದ ತೀರ್ಪಿನಿಂದ ಹಾಡುವವನು ತನ್ನ ಎತ್ತರವನ್ನು ತಿಳಿದಾನು, ದಾರಿಯನ್ನು ತಿಳಿಯಲಾರ.

ಇದೆಲ್ಲ ಹಳೆಯ ಕತೆಯೆಂದು ತಳ್ಳಿಬಿಡುವಂತಿಲ್ಲ. ಇಂದಿನ ಹುಡುಗರಲ್ಲಿ ಕೆಲವರು ವಿಡಿಯೋ ಆಟಗಳ ಸಂಗೀತವನ್ನು ತೆಗೆದುಕೊಂಡು ಕಂಪ್ಯೂಟರಿನಲ್ಲಿ ಅದಕ್ಕೆ ಹೊಸ ವಾದ್ಯ, ಹೊಸ ಲಯ ಕೂಡಿಸುತ್ತಾರೆ, ರೀಮಿಕ್ಸ್ ಎನ್ನುತ್ತಾರೆ. 1985ರಲ್ಲಿ ಜಪಾನಿನ ಕೋಜಿ ಕೊಂಡೊ 'ಸೂಪರ್ ಮಾರಿಯೋ' ಆಟಕ್ಕೆ ಕಟ್ಟಿದ ಧಾಟಿಗಳು ಲೋಕಪ್ರಸಿದ್ಧ. ಆಗಿನ ಯಂತ್ರ ಒಮ್ಮೆಗೆ ಹೊರಡಿಸಬಲ್ಲ ನಾದಗಳು ಕೇವಲ ನಾಲ್ಕೈದು. ಆ ಬಡತನದಲ್ಲಿಯೇ ನಿಂತ ಧಾಟಿಯ ಮೇಲೆ ಇಂದು ನೂರು ವಾದ್ಯ ಹೇರುವವನಿಗೂ ನಮ್ಮ ನಾಟಕಕವಿಯ ತೊಡಕೇ ಎದುರಾಗುತ್ತದೆ: ಮೂಲ ಅವನ ತಲೆಯಲ್ಲಿ ಮೊಳಗುತ್ತಿರುತ್ತದೆ, ತಾನು ಕಟ್ಟಿದ್ದು ಕೇಳಿಸುವುದಿಲ್ಲ. 'ಹ್ಯಾಂಗ ಐತ್ರಿ ಸರ?' ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದುಂಟು. ಅವನ ಗೆಳೆಯರೆಲ್ಲ ಅದಾಗಲೇ 'ಮಸ್ತ್ ಐತಿ' ಎಂದಿದ್ದರು. ಅಷ್ಟರಿಂದ ಅವನಿಗೆ ತೃಪ್ತಿಯಾಗಿರಲಿಲ್ಲ ಎಂಬುದೇ ನನಗೆ ಸಂತೋಷದ ಸಂಗತಿ. ನಡುವೆ ತಾಳವಾದ್ಯ ಬಂದೊಡನೆ ಧಾಟಿ ಮುಳುಗಿಹೋಗುತ್ತದೆ ಎಂದೆ. ಅವನು ವಾದಿಸಿದ, ಆಮೇಲೆ ಇನ್ನೊಮ್ಮೆ ಕೇಳಿದ.

ಇಂದು ಹಾಡನ್ನು ಕಟ್ಟುವ ಸಾಧನಗಳು ಅಗ್ಗವಾಗಿವೆ; ಅದು ಒಳ್ಳೆಯದೇ. ಮೆಚ್ಚುಗೆಯೂ ಅಗ್ಗವಾಗಿದೆ. ಅಗ್ಗವಾಗದೆ ಉಳಿದಿರುವುದು ಒಂದೇ: ಒಬ್ಬರ ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ಇಂಥಲ್ಲಿ ಚೆನ್ನಾಗಿದೆ, ಇಂಥಲ್ಲಿ ಮುರಿದಿದೆ, ಇಂಥ ಕಾರಣಕ್ಕೆ ಮುರಿದಿದೆ ಎಂದು ಹೇಳುವ ವ್ಯವಧಾನ. ಹುಬ್ಬಳ್ಳಿ ಧಾರವಾಡಗಳು ಸಂಗೀತದ ತವರೆನಿಸಿದ್ದು ಹಾಡುವವರಿಂದ ಎಷ್ಟೋ ಅಷ್ಟೇ ಇಂಥ ಕೇಳುವವರಿಂದ. ಗಾಯಕರ ಹೆಸರಿನಲ್ಲಿ ನಾವು ಭವನಗಳನ್ನು ಕಟ್ಟಿದ್ದೇವೆ. ಕೇಳುವವನಿಗೆ ಭವನ ಬೇಡ. ಎಳೆಯರು ಬಂದು 'ಹ್ಯಾಂಗ ಐತಿ' ಎಂದಾಗ ಕೈಯ ಕೆಲಸವನ್ನು ಬದಿಗಿಟ್ಟು ಕುಳಿತರೆ ಸಾಕು.