ಗಣಕದ ಮೊದಲ ಪಾಠಗಳು: ಪಠ್ಯಪುಸ್ತಕವೆಂಬ ಚಾರಿತ್ರಿಕ ಆಕರ

ಭಾರತದ ಗಣಕಶಿಕ್ಷಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರಗಳಿಂದ ಆರಂಭಿಸುತ್ತಾರೆ. ಯಾವ ಸಂಸ್ಥೆಗೆ ಯಾವ ಯಂತ್ರ ಎಂದು ಬಂದಿತೆಂಬುದಕ್ಕೆ ದಾಖಲೆಗಳಿವೆ. ಆದರೆ ಅದರ ಬಳಿಗೆ ಹೋದ ವಿದ್ಯಾರ್ಥಿ ಏನನ್ನು ಓದಿದ್ದನು, ಹೇಗೆ ಯೋಚಿಸಲು ಕಲಿತನು ಎಂಬ ಪ್ರಶ್ನೆಗೆ ಪ್ರವೇಶ ತರಗತಿಯ ಪಠ್ಯಪುಸ್ತಕಗಳೇ ಮುಖ್ಯ ಆಕರ. ಪ್ರೊ. ವಿ. ರಾಜಾರಾಮನ್ ಅವರ ಪಠ್ಯಗಳ ನಿದರ್ಶನದಿಂದ ಈ ಆಕರದ ಮೌಲ್ಯವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದ ಒಂಬತ್ತು ವಿದ್ಯಾಸಂಸ್ಥೆಗಳ ಸಹಯೋಗದಲ್ಲಿ ಬೆಳೆದ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಗೆ 1963ರಲ್ಲಿ ಐಬಿಎಂ 1620 ಯಂತ್ರ ಬಂದಿತು. ಅದೇ ವರ್ಷ ರಾಜಾರಾಮನ್ ಅವರು ಅಲ್ಲಿ ಅಧ್ಯಾಪಕರಾದರು. ಅಲ್ಲಿ ಫೋರ್‌ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಕಲಿಕೆ ಪದವಿ ವಿದ್ಯಾರ್ಥಿಗಳ ಶಿಕ್ಷಣದ ಅಂಗವಾಯಿತು. ಆಗ ಲಭ್ಯವಿದ್ದ ಮುಖ್ಯ ಪಠ್ಯಗಳು ವಿದೇಶಿ. ಅವುಗಳ ಬೆಲೆ ನಮ್ಮ ವಿದ್ಯಾರ್ಥಿಯ ಕೈಗೆಟುಕುವಂತಹುದಲ್ಲ. ರಾಜಾರಾಮನ್ ಅವರ ‘ಪ್ರಿನ್ಸಿಪಲ್ಸ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ 1969ರಲ್ಲಿ ಪ್ರೆಂಟಿಸ್ ಹಾಲ್ ಆಫ್ ಇಂಡಿಯಾದಿಂದ ಪ್ರಕಟವಾದುದು ಈ ಹಿನ್ನೆಲೆಯಲ್ಲಿ.

ಅಂದಿನ ಪಠ್ಯಗಳ ಸ್ವರೂಪವನ್ನು ನಿರ್ಧರಿಸಿದ್ದು ಯಂತ್ರಸಮಯದ ಅಭಾವ. ವಿದ್ಯಾರ್ಥಿಯು ಪ್ರೋಗ್ರಾಮನ್ನು ಹಾಳೆಯಲ್ಲಿ ಬರೆದು, ಪಂಚ್ ಕಾರ್ಡುಗಳಿಗೆ ಇಳಿಸಿ, ಕಾರ್ಡುಗಳ ಕಟ್ಟನ್ನು ಗಣಕ ಕೇಂದ್ರಕ್ಕೆ ಒಪ್ಪಿಸಿ, ಮುದ್ರಿತ ಫಲಿತಾಂಶಕ್ಕಾಗಿ ಕಾಯಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಆ ಸರದಿ ವ್ಯರ್ಥ. ಆದ್ದರಿಂದಲೇ ಲೆಕ್ಕದ ಹಂತಗಳನ್ನು ಫ್ಲೋಚಾರ್ಟಿನಲ್ಲಿ ಬಿಡಿಸಿ, ಕಾಗದದ ಮೇಲೆಯೇ ನಡೆಸಿ ನೋಡುವ ಅಭ್ಯಾಸಕ್ಕೆ ಪಠ್ಯಗಳಲ್ಲಿ ಅಗ್ರಸ್ಥಾನ ದೊರೆಯಿತು. ಯಂತ್ರ ದೊರೆಯದ ಗಂಟೆಗಳಲ್ಲಿ ಪುಸ್ತಕವೇ ಪ್ರಯೋಗಶಾಲೆಯಾಗಿತ್ತೆಂದರೆ ತಪ್ಪಾಗಲಾರದು.

ರಾಜಾರಾಮನ್ ಅವರು 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಎಂ.ಸಿ.ಎ. ಪದವಿಯನ್ನು ಆರಂಭಿಸಬೇಕೆಂದು ಶಿಫಾರಸು ಮಾಡಿದ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. ಗಣಕದ ಪಾಠ ಕೆಲವೇ ಸಂಸ್ಥೆಗಳ ಆವರಣವನ್ನು ದಾಟಿ ಸಾಮಾನ್ಯ ಕಾಲೇಜುಗಳಿಗೆ ಹರಡಿದಂತೆ ಪಠ್ಯಗಳ ಭಾಷೆಯೂ ಬದಲಾಯಿತು: ಫೋರ್‌ಟ್ರಾನ್ 4, ಫೋರ್‌ಟ್ರಾನ್ 77, ಬಳಿಕ ಸಿ. ಇದು ಕೇವಲ ಹೆಸರಿನ ಬದಲಾವಣೆಯಲ್ಲ. ಹಳೆಯ ಫೋರ್‌ಟ್ರಾನಿನಲ್ಲಿ ಕವಲುಗಳನ್ನು ಹೇಳಿಕೆಗಳ ಸಂಖ್ಯೆ ಮತ್ತು ‘ಗೋ ಟು’ ಆದೇಶಗಳಿಂದ ಸೂಚಿಸಬೇಕಿತ್ತು. ಫೋರ್‌ಟ್ರಾನ್ 77ರಲ್ಲಿ ‘ಇಫ್–ದೆನ್–ಎಲ್ಸ್’ ರಚನೆ ಸೇರಿದ ಬಳಿಕ ತರ್ಕವನ್ನು ಖಂಡಗಳಾಗಿ ಬರೆಯುವುದು ಸುಲಭವಾಯಿತು. ಎರಡು ಕಾಲದ ಪಠ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಒಂದು ತಲೆಮಾರಿನ ಆಲೋಚನಾಕ್ರಮ ತಿರುವು ಪಡೆದುದು ಸ್ಪಷ್ಟವಾಗುತ್ತದೆ.

ಆದರೆ ಹೀಗೆ ಹೋಲಿಸಲು ಹಳೆಯ ಆವೃತ್ತಿಗಳು ಉಳಿದಿರಬೇಕು. ಹೊಸ ಆವೃತ್ತಿ ಬಂದೊಡನೆ ಹಳೆಯದು ನಿರುಪಯುಕ್ತವೆಂಬ ಭಾವನೆ ಬೇರಾವ ವಿಷಯಕ್ಕಿಂತಲೂ ಗಣಕವಿಜ್ಞಾನದಲ್ಲಿ ಪ್ರಬಲ. ತಾಳೆಗರಿಯ ಪ್ರತಿಯನ್ನು ಜತನದಿಂದ ಕಾಯುವ ನಾವು, ಮೂವತ್ತು ವರ್ಷ ಹಿಂದಿನ ಗಣಕಪಠ್ಯವನ್ನು ರದ್ದಿಗೆ ಹಾಕಲು ಹಿಂಜರಿಯುವುದಿಲ್ಲ. ವಿದ್ಯಾರ್ಥಿಗೆ ಅದು ಹಳತಾಗಿರಬಹುದು. ಸಂಶೋಧಕನಿಗೆ ಅದು ದಾಖಲೆ. ಅಂಚಿನಲ್ಲಿ ಪೆನ್ಸಿಲಿನಿಂದ ಬಿಡಿಸಿದ ಫ್ಲೋಚಾರ್ಟು, ಹಿಂತಿರುಗಿಸುವ ದಿನಾಂಕದ ಚೀಟಿ, ಒಳಪುಟದ ಬೆಲೆ: ಇವು ಯಾವ ಯಂತ್ರದ ಕಡತದಲ್ಲಿಯೂ ದೊರೆಯುವುದಿಲ್ಲ.

ಪ್ರತಿಯೊಂದು ವಿಶ್ವವಿದ್ಯಾಲಯದ ಗ್ರಂಥಾಲಯವೂ ತನ್ನಲ್ಲಿ ಬೋಧಿಸಲಾದ ಪ್ರವೇಶ ಪಠ್ಯಗಳ ಪ್ರತಿ ಆವೃತ್ತಿಯಿಂದ ಒಂದೊಂದನ್ನಾದರೂ, ಆಯಾ ವರ್ಷದ ಪಠ್ಯಕ್ರಮದೊಡನೆ, ಕಾಯ್ದಿರಿಸುವುದು ಅಗತ್ಯ. ಇದಕ್ಕೆ ಬೇಕಾದುದು ಒಂದು ಕಪಾಟು ಮತ್ತು ವಿಲೇವಾರಿಗೆ ಮುನ್ನ ಒಮ್ಮೆ ಪಟ್ಟಿಯನ್ನು ಪರಿಶೀಲಿಸುವ ವ್ಯವಧಾನ. ಅದಿಲ್ಲವಾದರೆ ಗಣಕದ ಚರಿತ್ರೆಯಲ್ಲಿ ಯಂತ್ರಗಳ ಹೆಸರು ಉಳಿದೀತು. ಕಲಿತವರ ಕಥೆ ಉಳಿಯದು.