ಚಾಳಿನ ಗ್ಯಾಲರಿಯಲ್ಲಿ ಟೈಮ್‌ಲ್ಯಾಪ್ಸ್: ಸಾಧಾರಣ ಕ್ಯಾಮರಾದಲ್ಲಿ ಕಾಲದ ಓಟ

ನಿಧಾನವಾಗಿ ನಡೆಯುವ ವಿದ್ಯಮಾನವನ್ನು ವೇಗಗೊಳಿಸಿ ತೋರಿಸುವ ಚಿತ್ರಣಕ್ಕೆ ಟೈಮ್‌ಲ್ಯಾಪ್ಸ್ ಎಂದು ಹೆಸರು. ಮುಂಬಯಿಗೆ ಇದು ಹೊಸತಲ್ಲ. ದಾದಾಸಾಹೇಬ ಫಾಲ್ಕೆಯವರು 1912ರಲ್ಲಿ ಬಟಾಣಿ ಕಾಳು ಮೊಳೆತು ಗಿಡವಾಗುವುದನ್ನು ದಿನಕ್ಕೊಂದು ಚೌಕಟ್ಟಿನಂತೆ ಸೆರೆಹಿಡಿದು 'ಅಂಕುರಾಚಿ ವಾಢ್' ಎಂಬ ಕಿರುಚಿತ್ರವನ್ನು ಸಿದ್ಧಪಡಿಸಿದರು. ಅದನ್ನು ತೋರಿಸಿ ಹಣ ಹೊಂದಿಸಿಕೊಂಡ ಫಲವಾಗಿ 'ರಾಜಾ ಹರಿಶ್ಚಂದ್ರ' 1913ರ ಮೇ 3ರಂದು ಗಿರಗಾಂವದ ಕೊರೊನೇಶನ್‌ನಲ್ಲಿ ತೆರೆಕಂಡಿತು.

ವಿಧಾನ

ನಿಗದಿತ ಅಂತರದಲ್ಲಿ ತಾನಾಗಿ ಚಿತ್ರ ತೆಗೆಯುವ ಸೌಲಭ್ಯ ಅನೇಕ ಸಾಧಾರಣ ಡಿಜಿಟಲ್ ಕ್ಯಾಮರಾಗಳಲ್ಲಿಲ್ಲ. ಆದರೆ ವಿಡಿಯೋ ಸೌಲಭ್ಯವಿದೆ. ಎಡೆಬಿಡದೆ ಚಿತ್ರೀಕರಿಸಿ, ಬಳಿಕ ಕಂಪ್ಯೂಟರಿನಲ್ಲಿ ಹೆಚ್ಚಿನ ಚೌಕಟ್ಟುಗಳನ್ನು ತೆಗೆದುಹಾಕಿದರಾಯಿತು. ವರ್ಚುವಲ್‌ಡಬ್‌ನಂತಹ ಉಚಿತ ತಂತ್ರಾಂಶಕ್ಕೂ ಇದು ಸಾಧ್ಯ.

ಲೆಕ್ಕ ಸರಳ. ಸೆಕೆಂಡಿಗೆ 25 ಚೌಕಟ್ಟುಗಳಂತೆ 20 ನಿಮಿಷಕ್ಕೆ 30,000 ಚೌಕಟ್ಟುಗಳು. ನಲವತ್ತಕ್ಕೊಂದನ್ನು ಉಳಿಸಿಕೊಂಡರೆ 750. ಅಂದರೆ 30 ಸೆಕೆಂಡುಗಳ ಚಿತ್ರ.

ಎಚ್ಚರಿಕೆಗಳು

ಜೋಗೇಶ್ವರಿ ಪೂರ್ವದ ನಮ್ಮ ಚಾಳಿನ ಗ್ಯಾಲರಿಯಿಂದ ಆರೆಯ ಗುಡ್ಡಗಳತ್ತ ಸಾಗುವ ಮಳೆಮೋಡಗಳನ್ನು ನಾವು ಮೊದಲು ಚಿತ್ರೀಕರಿಸಿದಾಗ ಎಲ್ಲವನ್ನೂ 'ಆಟೋ'ದಲ್ಲಿಯೇ ಬಿಟ್ಟಿದ್ದೆವು. ಮೋಡ ದಟ್ಟವಾದಾಗ ಕ್ಯಾಮರಾ ಬೆಳಕನ್ನು ಹೆಚ್ಚಿಸಿತು, ಬಿಸಿಲು ಬಂದಾಗ ತಗ್ಗಿಸಿತು. ಇಡೀ ಚಿತ್ರ ಕೆಟ್ಟ ಟ್ಯೂಬ್‌ಲೈಟಿನಂತೆ ಮಿನುಗಿತು. ಆದ್ದರಿಂದ ಬೆಳಕಿನ ಪ್ರಮಾಣ, ಬಣ್ಣದ ಸಮತೋಲ, ಫೋಕಸ್ ಮೂರನ್ನೂ ಸಾಧ್ಯವಿದ್ದಷ್ಟು ಸ್ಥಿರಗೊಳಿಸಬೇಕು. ಟ್ರೈಪಾಡಿಗೆ ಭಾರದ ಚೀಲವೊಂದನ್ನು ತೂಗುಹಾಕುವುದು ಲೇಸು; ಗ್ಯಾಲರಿಯಲ್ಲಿ ಯಾರಾದರೂ ನಡೆದರೆ ಆ ಅದುರು ಚಿತ್ರದಲ್ಲಿ ಕಾಣುತ್ತದೆ.

ಬ್ಯಾಟರಿ ಪೂರ್ಣವಾಗಿರಲಿ. ಕಾರ್ಡು ಹಳೆಯ ಫ್ಯಾಟ್32 ವ್ಯವಸ್ಥೆಯದಾದರೆ ಒಂದು ಕಡತ 4 ಜಿಬಿ ಮೀರದು. ಅಲ್ಲಿ ಕ್ಯಾಮರಾ ನಿಂತುಬಿಡಬಹುದು.

ಈ ವಿಧಾನಕ್ಕೆ ಮಿತಿಗಳೂ ಇವೆ. ಸೆಕೆಂಡಿಗೆ 25 ಚೌಕಟ್ಟು ತೆಗೆಯುವಾಗ ಒಂದೊಂದಕ್ಕೂ ದೊರೆಯುವ ಬೆಳಕಿನ ಅವಧಿ ಸೆಕೆಂಡಿನ 25ನೆಯ ಒಂದಂಶವನ್ನು ಮೀರದು. ಹೀಗಾಗಿ ನಕ್ಷತ್ರಗಳ ಚಲನೆಗೆ ಇದು ಒದಗದು. ಮೋಡ, ನೆರಳು, ಜನಸಂದಣಿಗೆ ಯೋಗ್ಯ. ಫಾಲ್ಕೆಯವರ ಬಟಾಣಿ ಗಿಡಕ್ಕಲ್ಲ.

ಆರನೆಯ ಶತಮಾನದ ಜೋಗೇಶ್ವರಿ ಗುಹೆಗಳು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕು.

ಏಕೆ ಬೇಕು?

ನಮ್ಮ ಚಾಳು ಪುನರ್ನಿರ್ಮಾಣಕ್ಕೆ ಹೋಗಲಿದೆ. ಎದುರಿನ ಕಟ್ಟಡದ ಮಹಡಿಗಳು ಏರಿದಂತೆ ಗುಡ್ಡಗಳು ಅರ್ಧ ಮರೆಯಾಗಿವೆ. ಕಳೆದ ಮಳೆಗಾಲದ ಒಂದು ಸಂಜೆ ಕ್ಯಾಮರಾವನ್ನು ಅಂಗಳದತ್ತ ತಿರುಗಿಸಿದೆವು. ನೆರಳು ತುಳಸಿಕಟ್ಟೆಯನ್ನು ದಾಟಿತು, ಒಣಹಾಕಿದ ಬಟ್ಟೆಗಳು ಒಳಗೆ ಹೋದವು, ಒಂದೊಂದೇ ಮನೆಯಲ್ಲಿ ದೀಪ ಹತ್ತಿತು. ಮೂವತ್ತು ಸೆಕೆಂಡುಗಳು, ಅಷ್ಟೇ. ಊರು ಬಿಟ್ಟು ಬಂದು ಇಲ್ಲಿ ಬಾಳು ಕಟ್ಟಿಕೊಂಡವರಿಗೆ ಅದು ಕಡಿಮೆಯ ಆಸ್ತಿಯೇನಲ್ಲ. ಓದುಗರೂ ತಮ್ಮ ಗ್ಯಾಲರಿಗಳು ಇರುವಾಗಲೇ ಈ ಪ್ರಯತ್ನ ಮಾಡಬೇಕೆಂದು ನಮ್ಮ ವಿನಂತಿ.